ಮುರುಗಮಲ್ಲದ ಗೂಡು, ಪರದೇಶದ ನೂಲು

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲವು ಮುಕ್ತೀಶ್ವರನ ಗುಡಿಗೂ ಅಮ್ಮಾಜಾನ್ ಬಾವಾಜಾನರ ದರ್ಗಾಕ್ಕೂ ಹೆಸರಾದ ಊರು. ಹರಕೆ ಹೊತ್ತು ಬರುವ ಯಾತ್ರಿಕರ ದೃಷ್ಟಿ ಬೆಟ್ಟದ ಮೇಲೂ ಗೋರಿಯ ಮೇಲೂ ನೆಲಸುವುದು ಸಹಜವೇ. ಆದರೆ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ, ಕೆರೆ ಬತ್ತಿದರೆ ಬಾವಿಯನ್ನೂ ಬಾವಿ ಬತ್ತಿದರೆ ಕೊಳವೆಬಾವಿಯನ್ನೂ ನಂಬಬೇಕಾದ ಈ ಸೀಮೆಯಲ್ಲಿ ರಾಗಿಯು ಹೊಟ್ಟೆಗೆ ಒದಗಿದರೆ, ಕೈಗೆ ಕಾಸು ಒದಗಿಸಿದುದು ರೇಷ್ಮೆಹುಳುವಿನ ಮೇವಾದ ಹಿಪ್ಪುನೇರಳೆ. ಆದುದರಿಂದ ಈ ಪ್ರಾಂತದ ಐಶ್ವರ್ಯದ ಏಳುಬೀಳುಗಳನ್ನು ಅರಿಯಬಯಸುವವನು ರೇಷ್ಮೆಯ ಎಳೆಯನ್ನು ಹಿಡಿದು ಹೋಗುವುದೇ ಸರಿಯಾದ ದಾರಿ.

ಆ ಎಳೆಯ ಮೊದಲ ತುದಿ ಶ್ರೀರಂಗಪಟ್ಟಣದಲ್ಲಿದೆ. ಟಿಪ್ಪು ಸುಲ್ತಾನನು ರೇಷ್ಮೆಹುಳುಗಳನ್ನು ತರಲೆಂದು ಬುರ್ಹಾನುದ್ದೀನ್ ಮತ್ತು ಕಸ್ತೂರಿರಂಗ ಎಂಬಿಬ್ಬರನ್ನು ಬಂಗಾಳಕ್ಕೆ ಅಟ್ಟಿದ್ದನೆಂಬುದು 1786ರ ಅವನ ಪತ್ರದಿಂದ ತಿಳಿಯುತ್ತದೆ. ಬಂದ ಹುಳುಗಳನ್ನು ರಾಜ್ಯದ ಹಲವು ಕಡೆ ಸಾಕಬೇಕೆಂದು ಅವನು ಆಜ್ಞಾಪಿಸಿದನು. ಅವನು ಅಳಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿಕ್ಕಬಳ್ಳಾಪುರದಲ್ಲಿ ತಯಾರಾಗುತ್ತಿದ್ದ ಕಲ್ಲುಸಕ್ಕರೆಯು ಚೀನದ ಕಲ್ಲುಸಕ್ಕರೆಗೆ ಸರಿದೂಗುವುದೆಂದು ಬರೆದಿಟ್ಟನು. ಆ ಸಕ್ಕರೆಯ ಹೆಸರನ್ನು ಇಂದು ಬಲ್ಲವರು ವಿರಳ. ರೇಷ್ಮೆಯಾದರೋ ಉಳಿದುಕೊಂಡಿತು, ಉಳಿದುದು ಅರಸರ ಬಲದಿಂದಲ್ಲ, ಒಕ್ಕಲುಮಕ್ಕಳ ಮನೆಯೊಳಗೆ, ಒಲೆಯ ಪಕ್ಕದಲ್ಲಿ, ಹುಳುವಿನ ತಟ್ಟೆಗೆ ಜಾಗ ಸಿಕ್ಕಿದುದರಿಂದ.

ದೇಶದ ಸಂಪತ್ತು ಎಂಬ ಮಾತನ್ನು ನಾವು ಖಜಾನೆಯ ಲೆಕ್ಕವಾಗಿ ಕೇಳಿ ರೂಢಿ. ಅದು ಹುಟ್ಟುವ ಬಗೆಯನ್ನು ಕಾಣಬೇಕಾದರೆ ಒಂದು ಬೆಳೆಯನ್ನು ಮೊದಲಿಂದ ಕೊನೆಯವರೆಗೆ ನೋಡಬೇಕು. ಮೊಟ್ಟೆಯೊಡೆದ ಹುಳು ಪೊರೆ ಕಳಚುವ ನಾಲ್ಕು ಜ್ವರಗಳನ್ನು ಕಳೆದು, ಸೊಪ್ಪು ಬಿಟ್ಟು, ಮೈ ಹಣ್ಣಾಗಿ, ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆಗೆ ಏರುವವರೆಗೆ ಹೆಚ್ಚುಕಡಿಮೆ ಒಂದು ತಿಂಗಳು. ಅಷ್ಟು ದಿನವೂ ಮನೆಯ ಹೆಂಗಸರಿಗೆ ರಾತ್ರಿ ನಿದ್ದೆಯಿಲ್ಲ. ಗೂಡು ಬಿಡಿಸಿದ ಮೇಲೆ ತಡಮಾಡುವಂತಿಲ್ಲ. ಕಾದರೆ ಚಿಟ್ಟೆಯು ಗೂಡನ್ನು ತೂತುಮಾಡಿಕೊಂಡು ಹೊರಬೀಳುವುದರಿಂದ, ದರ ಬಿದ್ದಿದ್ದರೂ ರೈತನು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಅಂದೇ ಮಾರಿ ಬರಬೇಕು. ಅಲ್ಲಿಂದಾಚೆಗೆ ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆಯವರ ಕೆಲಸ. ಕುದಿನೀರಿನಲ್ಲಿ ಗೂಡನ್ನು ಬೇಯಿಸಿ, ಅಂಟು ಸಡಿಲಿದೊಡನೆ ಬರಿಗೈಯಿಂದಲೇ ಎಳೆಯ ತುದಿಯನ್ನು ಹುಡುಕಿ, ಹಲವು ಗೂಡುಗಳ ಎಳೆಗಳನ್ನು ಒಂದುಗೂಡಿಸಿ ಕೊಡುವವರೊಬ್ಬರು, ಚರಕವನ್ನು ತಿರುವುವವರೊಬ್ಬರು. ಹಗಲೆಲ್ಲ ಬಿಸಿನೀರಿನಲ್ಲಿ ಅದ್ದಿದ ಬೆರಳ ತುದಿಗಳು ಬೆಂದು ಬಿಳಿಚಿ ಸುಲಿದಿರುತ್ತವೆ. ನಾಟಿ ತಳಿಯ ಗೂಡಾದರೆ ಹತ್ತು ಕಿಲೋಗೂ ಮಿಕ್ಕು ಬೇಯಿಸಿದಲ್ಲದೆ ಒಂದು ಕಿಲೋ ನೂಲು ಸಿಕ್ಕದು. ನೂಲಿಗೆ ಹುರಿ ಹಾಕುವವರು, ಬಣ್ಣ ಕಟ್ಟುವವರು, ಮಗ್ಗಕ್ಕೆ ಹೂಡಿ ನೇಯುವವರು ಬೇರೆ ಬೇರೆ. ಮುರುಗಮಲ್ಲದ ಹೊಲದ ಸೊಪ್ಪು ಸೀರೆಯಾಗುವಷ್ಟರಲ್ಲಿ ಅದರ ಬೆಲೆಯು ಇಷ್ಟು ಮನೆಗಳ ಅಡಿಗೆಮನೆಯನ್ನು ಹಾದು ಹೋಗಿರುತ್ತದೆ. ಪರದೇಶದ ನೂಲು ಬಂದಾಗ ಸೀರೆಯೇನೂ ನಿಲ್ಲುವುದಿಲ್ಲ, ಅಂಗಡಿಯೂ ಬರಿದಾಗುವುದಿಲ್ಲ. ನಡುವಣ ಆ ಮನೆಗಳು ಮಾತ್ರ ಲೆಕ್ಕದಿಂದ ಜಾರಿಹೋಗುತ್ತವೆ. ಸ್ವದೇಶದ ಕೈಗಾರಿಕೆ ಕುಂದಿದಾಗ ರಾಷ್ಟ್ರಕ್ಕೆ ಆಗುವ ನಷ್ಟದ ನಿಜಸ್ವರೂಪ ಇದೇ ಎಂದು ನಾನು ತಿಳಿದಿದ್ದೇನೆ.

ಈ ಜಾರುವಿಕೆ ಮೊದಲಬಾರಿಗೆ ತೀವ್ರವಾಗಿ ಕಂಡುದು 1930ರ ದಶಕದ ಮುಗ್ಗಟ್ಟಿನಲ್ಲಿ. ಜಪಾನ್ ಮತ್ತು ಚೀನದ ಅಗ್ಗದ ರೇಷ್ಮೆ ಬಂದರುಗಳಲ್ಲಿ ಇಳಿದಂತೆ ಮೈಸೂರು ಸೀಮೆಯಲ್ಲಿ ಗೂಡಿನ ದರ ಕುಸಿಯಿತು. ಹಿಪ್ಪುನೇರಳೆಯನ್ನು ಕಿತ್ತು ರಾಗಿ ಬಿತ್ತಿದವರು ಎಷ್ಟೋ ಮಂದಿ. ಇಲ್ಲಿ ಮೈಸೂರಿನ ಒಂದು ವಿಶೇಷ ದೌರ್ಬಲ್ಯವನ್ನು ಗಮನಿಸಬೇಕು. ಇದೇ ಚಿಕ್ಕಬಳ್ಳಾಪುರ ಸೀಮೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿ 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಬ್ಯಾಂಕನ್ನೂ ಕಾರ್ಖಾನೆಗಳನ್ನೂ ಕಟ್ಟಿದರು. ಸಂಸ್ಥಾನವು ರೇಷ್ಮೆಗೆಂದೇ ಇಲಾಖೆಯನ್ನು ತೆರೆಯಿತು. ಆದರೆ ಸಂಸ್ಥಾನಕ್ಕೆ ಸಮುದ್ರವಿರಲಿಲ್ಲ. ಮದರಾಸು, ಮುಂಬಯಿಗಳ ಸುಂಕದಕಟ್ಟೆ ಬ್ರಿಟಿಷ್ ಸರ್ಕಾರದ ವಶದಲ್ಲಿದ್ದಿತು. ತನ್ನ ರೈತನ ಗೂಡಿಗೆ ಎಷ್ಟು ರಕ್ಷಣೆ ಬೇಕೆಂದು ತೀರ್ಮಾನಿಸುವ ಅಧಿಕಾರವಿಲ್ಲದ ಮೈಸೂರು, ಸುಂಕ ಮಂಡಲಿಯ ಮುಂದೆ ಅಹವಾಲು ಹೇಳಿಕೊಳ್ಳಬೇಕಾಯಿತು. 1934ರಲ್ಲಿ ರಕ್ಷಣಾ ಸುಂಕವೇನೋ ಬಂದಿತು. ಅದಕ್ಕೂ ಮಿಗಿಲಾಗಿ ಕಸುಬನ್ನು ಎತ್ತಿ ನಿಲ್ಲಿಸಿದುದು ಎರಡನೆಯ ಮಹಾಯುದ್ಧ: ಜಪಾನಿನ ಸರಕು ನಿಂತು, ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗ ಬೆಲೆ ಏರಿತು. ಲೋಕದ ಸಂಕಟದಿಂದ ಬಂದ ಆ ಸುಭಿಕ್ಷವನ್ನು ಸುಭಿಕ್ಷವೆನ್ನಲು ಮನಸ್ಸು ಒಪ್ಪದು.

ಸ್ವಾತಂತ್ರ್ಯಾನಂತರ ಸುಂಕದಕಟ್ಟೆ ನಮ್ಮದೇ ಆಯಿತು. ಕೇಂದ್ರ ರೇಷ್ಮೆ ಮಂಡಲಿ ಹುಟ್ಟಿತು. ಹಾಗಿದ್ದೂ ಹೊಸ ಶತಮಾನದ ಮೊದಲ ದಶಕದಲ್ಲಿ ಚೀನದ ಕಚ್ಚಾ ರೇಷ್ಮೆ ಹಲವು ವರ್ಷ 7,000 ಟನ್ನಿಗೂ ಮಿಕ್ಕು ಬಂದಿಳಿಯಿತು. 2003ರಲ್ಲಿ ಅದರ ಮೇಲೆ ಸುರಿ-ವಿರೋಧಿ (ಆಂಟಿ-ಡಂಪಿಂಗ್) ಸುಂಕ ಬಿದ್ದಿತು. 2011ರ ಕೇಂದ್ರ ಆಯವ್ಯಯದಲ್ಲಿ ಮೂಲ ಆಮದು ಸುಂಕ ನೂರಕ್ಕೆ 30ರಿಂದ 5ಕ್ಕೆ ಇಳಿಯಿತು. ಗೂಡಿನ ದರ ನೆಲಕಚ್ಚಿ ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಮತ್ತೆ 15ಕ್ಕೆ ಏರಿತು.

ಈ ಜಗ್ಗಾಟದಲ್ಲಿ ನೇಕಾರನನ್ನು ದೂರುವುದು ಅನ್ಯಾಯ. ಹಾಸಿನ ನೂಲು ಮಗ್ಗದ ಬಿಗಿತವನ್ನು ತಾಳಬೇಕು. ಚರಕದ ನೂಲಾದರೋ ಒಂದೆಡೆ ದಪ್ಪ, ಒಂದೆಡೆ ಸಣ್ಣ. ಆದುದರಿಂದ ಹಾಸಿಗೆ ಚೀನದ್ದನ್ನೂ ಹೊಕ್ಕಿಗೆ ನಮ್ಮದನ್ನೂ ಬಳಸುವ ವಾಡಿಕೆ ಬೆಳೆಯಿತು. ರೈತನಿಗೆ ಏರುವ ಬೆಲೆ ಬೇಕು, ನೇಕಾರನಿಗೆ ಇಳಿಯುವ ಬೆಲೆ ಬೇಕು. ಇವರಿಬ್ಬರ ನಡುವೆ ಸಾಲದ ಹಣದಿಂದ ದಿನದಿನಕ್ಕೆ ಗೂಡು ಕೊಂಡು ಮರುದಿನದ ನೂಲಿನಿಂದ ಅದನ್ನು ತೀರಿಸುವ ಶಿಡ್ಲಘಟ್ಟದ ಬಡ ಬಿಚ್ಚಾಣಿಕೆಯವನ ಪಕ್ಷವನ್ನು ವಹಿಸಿದವರು ಕಡಿಮೆ. ಹುಳುವಿನ ತಳಿಗೂ ತೋಟಕ್ಕೂ ಶಾಸ್ತ್ರಜ್ಞರು ಪಟ್ಟ ಶ್ರಮ ಸ್ತುತ್ಯವಾದುದು. ಅಷ್ಟೇ ಶ್ರಮ ಗೂಡು ಬೇಯಿಸುವ ಬಾಣಲೆಯ ಮೇಲೂ ಬಿದ್ದಿದ್ದರೆ ಹಾಸಿಗೆ ತಕ್ಕ ನೂಲು ಇಲ್ಲಿಯೇ ಬಹುಕಾಲದ ಹಿಂದೆಯೇ ಸಿದ್ಧವಾಗುತ್ತಿದ್ದಿತು.

ಈಚೆಗೆ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಗಳು ರಾಜ್ಯದಲ್ಲಿ ನೆಲೆಗೊಂಡು, ಬಿಳಿಯ ದ್ವಿತಳಿ ಗೂಡಿನಿಂದ ಏಕರೂಪದ ನೂಲನ್ನು ತೆಗೆಯುತ್ತಿವೆ. ಆ ಯಂತ್ರಗಳಲ್ಲಿ ಬಹುಪಾಲು ಚೀನದಲ್ಲಿ ತಯಾರಾದವು. ಅವನ್ನು ಕೊಳ್ಳಲು ಸರ್ಕಾರ ಸಹಾಯಧನ ಕೊಡುತ್ತದೆ. ಆದರೂ ಉಳಿದ ಬಂಡವಾಳ ಹೂಡಬಲ್ಲವರು ಕೆಲವರೇ, ಚರಕದ ಮುಂದೆ ಕೈ ಬೇಯಿಸಿಕೊಂಡವರಂತೂ ಅಲ್ಲ.