ಎಂಜಿನ್ನಿನ ನೀರಿನ ಕೊಳವೆ: ಒಂದು ಮಾರ್ಪಾಟಿನ ಇತಿಹಾಸ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನಿರ್ಮಾಪಕನ ಕಡೆಗೆ ನಿಂತು ಬರೆಯುತ್ತಾರೆ. ಕೆಟ್ಟುದನ್ನು ಬಿಚ್ಚಿ ಕಟ್ಟುವವನ ಕಡೆಗೆ ನಿಂತವರು ವಿರಳ. ಯಾವ ಭಾಗವನ್ನು ಯಾರು ಎಂದು ರಚಿಸಿದರೆಂಬುದಕ್ಕೆ ಪೇಟೆಂಟುಗಳು ಸಾಕ್ಷಿ ನುಡಿಯುತ್ತವೆ. ಅದು ಎಷ್ಟು ಕಾಲ ಬಾಳಿತು, ಕೆಟ್ಟ ಮೇಲೆ ಅದರ ಸ್ಥಾನಕ್ಕೆ ಯಾವುದು ಬಂದಿತು ಎಂಬುದನ್ನು ಅರಿಯಬೇಕಾದರೆ ಬಿಡಿಭಾಗಗಳ ಪಟ್ಟಿಗಳನ್ನೂ ನ್ಯಾಯಾಲಯದ ಕಡತಗಳನ್ನೂ ನೋಡಬೇಕು. ಕಾರಿನ ಎಂಜಿನ್ನನ್ನು ತಂಪಾಗಿಡುವ ನೀರಿನ ಕೊಳವೆಯಂಥ ಅಲ್ಪವಸ್ತುವಿನ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ.

ಉರಿದ ಇಂಧನದ ಶಾಖದಲ್ಲಿ ಸರಿಸುಮಾರು ಮೂರನೆಯ ಒಂದು ಪಾಲನ್ನು ಈ ನೀರೇ ಹೊತ್ತು ಹೊರಗೆ ಚೆಲ್ಲಬೇಕು. ೧೮೮೬ರ ಕಾರ್ಲ್ ಬೆಂಜ್‌ನ ವಾಹನದಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ಮತ್ತೆ ಮತ್ತೆ ತುಂಬಬೇಕಾಗುತ್ತಿತ್ತು. ವಿಲ್‌ಹೆಲ್ಮ್ ಮೇಬಾಖ್ ೧೯೦೧ರ ಮರ್ಸಿಡಿಸ್ ಕಾರಿಗಾಗಿ ೮,೦೭೦ ಕಿರುನಳಿಕೆಗಳ ಜೇನುಗೂಡಿನಂಥ ರೇಡಿಯೇಟರನ್ನು ರಚಿಸಿದ ಮೇಲೆ ಅದೇ ನೀರನ್ನು ಸುತ್ತು ತಿರುಗಿಸುವುದು ಸುಲಭವಾಯಿತು. ೧೯೦೮ರಲ್ಲಿ ಹೊರಬಂದ ಫೋರ್ಡ್ ಕಂಪೆನಿಯ ಟಿ ಮಾದರಿಯಲ್ಲಿ, ಮೊದಮೊದಲ ಕೆಲವು ಕಾರುಗಳನ್ನುಳಿದು, ಪಂಪೇ ಇರಲಿಲ್ಲ; ಕಾದ ನೀರು ಮೇಲೇರುವುದು, ತಣಿದುದು ಕೆಳಗಿಳಿಯುವುದು, ಇಷ್ಟೇ ಅದರ ಚಲನೆಯ ರಹಸ್ಯ. ಎಂಜಿನ್ನು ಅದುರುವುದರಿಂದ ಅದಕ್ಕೂ ರೇಡಿಯೇಟರಿಗೂ ನಡುವೆ ರಬ್ಬರಿನ ಹೋಸ್ ಪೈಪನ್ನು ಕಟ್ಟುತ್ತಿದ್ದರು. ರಬ್ಬರು ಬಿರಿಯುವುದೆಂದು ಎಲ್ಲರೂ ಬಲ್ಲರು. ಆದರೆ ಅದು ಕಣ್ಣಿಗೆ ಕಾಣುವಂತಿತ್ತು, ಕೈಗೆ ಎಟಕುವಂತಿತ್ತು. ಮುಂದಿನ ಕಥೆಗೆಲ್ಲ ಈ ಅಂಶವೇ ಮುಖ್ಯವೆಂದು ನಮ್ಮ ಅಭಿಪ್ರಾಯ.

೧೯೨೭ರಲ್ಲಿ ಎಥಿಲೀನ್ ಗ್ಲೈಕಾಲ್ ಎಂಬ ದ್ರವವು ಪ್ರೆಸ್ಟೋನ್ ಎಂಬ ಹೆಸರಿನಿಂದ ಅಮೆರಿಕದ ಮಾರುಕಟ್ಟೆಗೆ ಬಂದಿತು. ನೀರು ಹೆಪ್ಪುಗಟ್ಟುವ ಭಯ ತಪ್ಪಿತು. ಕ್ರಮೇಣ ಒತ್ತಡ ತಡೆಯುವ ಮುಚ್ಚಳವೂ ಸೇರಿತು. ವಾಯುಮಂಡಲದ ಒತ್ತಡಕ್ಕೆ ಅಷ್ಟೇ ಒತ್ತಡ ಕೂಡಿದರೆ ನೀರು ಸುಮಾರು ೧೨೦ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ಎಂಜಿನ್ನಿಗೆ ಇದು ಲಾಭ. ಕೊಳವೆಗೆ ಮಾತ್ರ ಹೆಚ್ಚಿನ ಹೊರೆ.

ಅಮೆರಿಕದ ಡ್ಯೂಪಾಂಟ್ ಕಂಪೆನಿಯಲ್ಲಿ ವ್ಯಾಲೇಸ್ ಕರೋಥರ್ಸ್ ೧೯೩೫ರಲ್ಲಿ ಸಿದ್ಧಪಡಿಸಿದ ನೈಲಾನು ಮೊದಲು ಕಾಲುಚೀಲಗಳಿಂದ ಪ್ರಸಿದ್ಧವಾದರೂ, ಗಾಜಿನ ಎಳೆ ಬೆರೆಸಿ ಅಚ್ಚಿಗೆ ಹೊಯ್ದಾಗ ಲೋಹದ ಬದಲಿಗೆ ನಿಲ್ಲಬಲ್ಲುದಾಯಿತು. ಹಗುರ, ತುಕ್ಕಿಲ್ಲ, ಎಂಥ ಬಾಗನ್ನಾದರೂ ಒಂದೇ ಅಚ್ಚಿನಲ್ಲಿ ತೆಗೆಯಬಹುದು: ಕಾರ್ಖಾನೆಯವರು ಇದನ್ನು ಮೆಚ್ಚಿದುದು ಬರಿಯ ಜಿಪುಣತನವಲ್ಲ. ಆದರೆ ನೈಲಾನಿನ ಹುಟ್ಟಿನಲ್ಲಿಯೇ ಅದರ ಕೇಡೂ ಅಡಗಿದೆ. ಅದರ ಅಣುಗಳು ಒಂದಕ್ಕೊಂದು ಕೊಂಡಿಯಾಗುವಾಗ ನೀರು ಹೊರಹೋಗುತ್ತದೆ. ಬಿಸಿನೀರು ವರ್ಷಗಟ್ಟಲೆ ತಾಗುತ್ತಿದ್ದರೆ ಆ ಕ್ರಿಯೆ ಹಿಮ್ಮುಖವಾಗಿ ಕೊಂಡಿಗಳು ಕಳಚತೊಡಗುತ್ತವೆ. ವಸ್ತು ಪೆಡಸಾಗಿ, ಕಡೆಗೆ ಬೆರಳಿನ ಒತ್ತಿಗೇ ಪುಡಿಯಾಗುತ್ತದೆ. ಜನರಲ್ ಮೋಟರ್ಸ್ ಕಂಪೆನಿಯ ೩೮೦೦ ಎಂಜಿನ್ನಿನ ೧೯೯೫ರಿಂದೀಚಿನ ಮಾದರಿಯಲ್ಲಿದ್ದ ಎರಡು ಸಣ್ಣ ಮೊಣಕೈ ಕೊಳವೆಗಳು ಹೀಗೆಯೇ ಮುರಿಯುತ್ತಿದ್ದವು. ಅಲ್ಯೂಮಿನಿಯಂ ಮೊಣಕೈಗಳು ಅಂಗಡಿಗಳಲ್ಲಿ ಸಿಕ್ಕತೊಡಗಿದವು.

ಪೋರ್ಷೆ ಕಂಪೆನಿಯು ೨೦೦೨ರಲ್ಲಿ ಹೊರತಂದ ಕಯೆನ್ ಕಾರಿನ ಉದಾಹರಣೆ ಇದಕ್ಕಿಂತ ಬೋಧಪ್ರದ. ಅದರ ೪.೫ ಲೀಟರಿನ, ಎಂಟು ಸಿಲಿಂಡರುಗಳ ಎಂಜಿನ್ನು ‘ವಿ’ ಆಕಾರದ್ದು. ಎರಡು ಸಾಲುಗಳ ನಡುವಣ ಕಣಿವೆಯಲ್ಲಿ, ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿ, ಪ್ಲಾಸ್ಟಿಕ್ ಕೊಳವೆಗಳನ್ನು ಹಾಯಿಸಿದ್ದರು. ಎರಡು ಕಡೆಯಿಂದಲೂ ಸಿಲಿಂಡರುಗಳ ಕಾವು ಬಡಿಯುವ ಆ ಸ್ಥಳದಲ್ಲಿ ಗಾಳಿಯಾಡುವುದು ಕಡಿಮೆ. ಕೊಳವೆ ಬಿರಿದರೆ ದ್ರವವು ಅದೇ ಕಣಿವೆಯಲ್ಲಿ ಮಲಗಿದ್ದ ಸ್ಟಾರ್ಟರ್ ಮೋಟರಿನ ಮೇಲೆ ಸುರಿಯುತ್ತಿತ್ತು. ದುರಸ್ತಿಗೆ ಮ್ಯಾನಿಫೋಲ್ಡನ್ನು ಎತ್ತಿ ಇಡಬೇಕು. ತೂತುಗಳಲ್ಲಿ ಸಿಕ್ಕಿಕೊಂಡ ಹಳೆಯ ತುಂಡುಗಳನ್ನು, ಚೂರು ಒಳಗೆ ಬೀಳದಂತೆ, ಕೆರೆದು ತೆಗೆಯಬೇಕು. ಬಿಡಿಭಾಗದ ಬೆಲೆಗಿಂತ ಕೂಲಿಯೇ ಮಿಗಿಲಾಗುವುದು ಇಂಥಲ್ಲಿ. ಕಂಪೆನಿಯೇ ಮುಂದೆ ಅಲ್ಯೂಮಿನಿಯಂ ಕೊಳವೆಗಳನ್ನು ಬದಲಿಗೆ ಒದಗಿಸಿತು. ಸದ್ದಿಲ್ಲದೆ ಬಂದ ಆ ಬದಲಿ ಭಾಗವೇ, ಚರಿತ್ರಕಾರನ ದೃಷ್ಟಿಯಲ್ಲಿ, ಮೊದಲನೆಯ ಆಯ್ಕೆಯ ಮೇಲೆ ಬರೆದ ತೀರ್ಪು.

ಈ ವೆಚ್ಚವನ್ನು ಹೊರುವವರಾರು? ಅಮೆರಿಕದಲ್ಲಿ ಹೊಸ ಕಾರಿನ ಮೇಲಿದ್ದ ಭರವಸೆ ನಾಲ್ಕು ವರ್ಷ ಅಥವಾ ೫೦,೦೦೦ ಮೈಲಿ. ಕೊಳವೆಗಳು ಬಹುಮಟ್ಟಿಗೆ ಆ ಅವಧಿಯನ್ನು ದಾಟಿ ಸೋತವು. ಒಡೆಯರು ಹಲವು ರಾಜ್ಯಗಳಲ್ಲಿ ಹೂಡಿದ ದಾವೆಗಳನ್ನು ಒಟ್ಟುಗೂಡಿಸಿ ಓಹಾಯೋ ರಾಜ್ಯದ ದಕ್ಷಿಣ ಜಿಲ್ಲೆಯ ಫೆಡರಲ್ ನ್ಯಾಯಾಲಯಕ್ಕೆ ಒಪ್ಪಿಸಲಾಯಿತು. ೨೦೧೨ರಲ್ಲಿ ಆ ನ್ಯಾಯಾಲಯವು ಕೆಲವು ವಾದಗಳನ್ನು ತಳ್ಳಿಹಾಕಿ, ಕೆಲವನ್ನು ಮುಂದುವರಿಯಗೊಟ್ಟಿತು. ವ್ಯಾಜ್ಯವು ಕಡೆಗೆ ರಾಜಿಯಲ್ಲಿ ಮುಗಿಯಿತು. ಭರವಸೆಯ ಅವಧಿ ಮುಗಿದೊಡನೆ ವಸ್ತುವಿನ ಗುಣದ ಪ್ರಶ್ನೆಯೂ ಮುಗಿಯುವುದೇ ಎಂಬ ಮೂಲ ಪ್ರಶ್ನೆಗೆ ರಾಜಿಯಿಂದ ಉತ್ತರ ದೊರೆಯದು.

ಹೀಗೆಂದು ಲೋಹವನ್ನು ಸರ್ವರೋಗಕ್ಕೂ ಮದ್ದೆಂದು ಬಗೆಯಲಾಗದು. ಅಲ್ಯೂಮಿನಿಯಂ ಸವೆಯದಂತೆ ದ್ರವದಲ್ಲಿ ರಕ್ಷಕ ಲವಣಗಳಿರಬೇಕು, ಸಂದುಗಳಲ್ಲಿ ರಬ್ಬರಿನ ಉಂಗುರ ಬೇಕೇ ಬೇಕು. ಅದೇ ಕಂಪೆನಿಯ ೯೯೬ ಟರ್ಬೊ ಕಾರಿನಲ್ಲಿ ಲೋಹದ ಕೊಳವೆಗಳನ್ನೇ ಇಟ್ಟಿದ್ದರೂ ಅವನ್ನು ಅಂಟಿನಿಂದ ಕೂಡಿಸಿದ್ದರು. ಕಾವಿಗೆ ಅಂಟು ಬಿಟ್ಟು ಕೊಳವೆ ಕಳಚಿದುದುಂಟು. ರಿಪೇರಿಯವರು ಅವನ್ನು ಬೆಸುಗೆ ಹಾಕಿಯೋ ಪಿನ್ನು ಬಡಿದೋ ಮತ್ತೆ ಕೂರಿಸುತ್ತ ಬಂದಿದ್ದಾರೆ.