ಲಷ್ಕರಿ ಕಾನೂನಿನ ಊರಿಗೆ ಹೊರಡುವ ಮುನ್ನ



ಠಾಕುರ್ಲಿ ಸ್ಟೇಷನ್ನಿನಲ್ಲಿ ಬೆಳಗಿನ ಲೋಕಲ್ಲಿಗೆ ಕಾಯುತ್ತ ನಿಂತವರೆಲ್ಲ ಒಮ್ಮೆ ಕಿಸೆ ಮುಟ್ಟಿ ನೋಡಿಕೊಳ್ಳುತ್ತಾರೆ, ಪಾಸು ಇದೆಯೇ ಎಂದು. ಅದೊಂದಿದ್ದರೆ ಮುಂಬಯಿಯವರೆಗೆ ನಮ್ಮನ್ನು ಯಾರೂ ತಡೆಯುವುದಿಲ್ಲ. ಎಲ್ಲಿಗೆ ಹೊರಟಿರಿ, ತಲೆಯ ಮೇಲೆ ಯಾವ ಟೋಪಿ, ಕೈಯಲ್ಲಿ ಯಾವ ಬಣ್ಣದ ಬಟ್ಟೆ ಎಂದು ಕೇಳುವವರಿಲ್ಲ. ಈ ಸ್ವಾತಂತ್ರ್ಯ ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಅದು ನಮ್ಮಲ್ಲಿದೆ ಎಂಬುದೇ ಮರೆತುಹೋಗಿದೆ.

ಈಗ ಹೀಗೊಂದು ಊಹೆ ಮಾಡಿ. ನಿಮ್ಮ ಮನೆಯ ಮಗನಿಗೋ ಮಗಳಿಗೋ ಪರದೇಶದಲ್ಲಿ ಓದಲು ಸೀಟು ಸಿಕ್ಕಿದೆ, ಇಲ್ಲವೇ ಕೆಲಸದ ಕರೆ ಬಂದಿದೆ. ಆ ದೇಶದಲ್ಲಿ ಮಾರ್ಷಲ್ ಲಾ, ಅಂದರೆ ಲಷ್ಕರಿ ಕಾನೂನು, ಜಾರಿಯಾಗಿದೆ ಅಥವಾ ಆಗುವ ಸೂಚನೆಯಿದೆ. ಕಳಿಸುವುದೋ ಬೇಡವೋ? ಯಾವ ಕಾಗದ ಬೇಕು? ಏನು ತಯಾರಿ? ಇದಕ್ಕೆ ಉತ್ತರ ಹುಡುಕುವ ಮೊದಲು ನಮ್ಮದೇ ರೈಲಿನ ದಾರಿಯಲ್ಲಿರುವ ಒಂದು ಊರಿಗೆ ಹೋಗಿ ಬರೋಣ.

ಸೊನ್ನಲಿಗೆಯಲ್ಲಿ ಏಳು ವಾರ

ಕಲ್ಯಾಣದಲ್ಲಿ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ಸೊಲ್ಲಾಪುರ. ನಮ್ಮಲ್ಲಿ ಅನೇಕರಿಗೆ ಅದು ಊರಿಗೆ ಹೋಗುವ ದಾರಿಯ ನಡುವಿನ ನಿಲ್ದಾಣ, ಕೆಲವರಿಗೆ ಊರೇ ಅದು. ವಚನಕಾರ ಸಿದ್ಧರಾಮರ ಸೊನ್ನಲಿಗೆ ಅದೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಮಗ್ಗದ ಬಳಿ ತೆಲುಗು, ಹೀಗೆ ಬದುಕಿದ ಗಿರಣಿಗಳ ಊರು.

1930ರ ಏಪ್ರಿಲ್ 6ರಂದು, ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದ ದಿನವೇ, ಸೊಲ್ಲಾಪುರದ ಪುರಸಭೆ ತನ್ನ ಕಟ್ಟಡದ ಮೇಲೆ ಚರಕದ ಧ್ವಜ ಹಾರಿಸಿತು. ಮೇ 5ರಂದು ಗಾಂಧೀಜಿಯ ಬಂಧನದ ಸುದ್ದಿ ಬಂದಾಗ ಊರು ಕೆರಳಿತು. ಮೇ 8ರಂದು ಜನರ ಗುಂಪಿನ ಮೇಲೆ ಗೋಲಿಬಾರ್ ಆಯಿತು. ಧ್ವಜ ಹಿಡಿದಿದ್ದ ಶಂಕರ ಶಿವದಾರೆ ಎಂಬ ತರುಣ ಗುಂಡಿಗೆ ಬಲಿಯಾದ. ಸಿಟ್ಟಿಗೆದ್ದ ಜನ ಪೊಲೀಸ್ ಚೌಕಿಗೂ ಕೋರ್ಟಿಗೂ ಬೆಂಕಿ ಹಚ್ಚಿದರು. ಪೊಲೀಸರೂ ಸತ್ತರು. ಆ ಮೇಲೆ ಮೂರು ನಾಲ್ಕು ದಿನ ಊರಿನಲ್ಲಿ ಪೊಲೀಸರೇ ಇರಲಿಲ್ಲ. ಕಾಂಗ್ರೆಸ್ಸಿನ ಸ್ವಯಂಸೇವಕರೇ ಊರಿನ ವ್ಯವಸ್ಥೆ ನೋಡಿಕೊಂಡರು.

ಮೇ 12ರಂದು ಸರಕಾರ ಲಷ್ಕರಿ ಕಾನೂನು ಘೋಷಿಸಿತು. ಮೂರು ದಿನಗಳ ನಂತರ ವೈಸರಾಯರ ಸುಗ್ರೀವಾಜ್ಞೆ ಬಂದು ಅದಕ್ಕೆ ಮುದ್ರೆ ಒತ್ತಿತು. ಜೂನ್ 30ರವರೆಗೆ, ಅಂದರೆ ಏಳು ವಾರ, ಸೊಲ್ಲಾಪುರದಲ್ಲಿ ಸೇನಾಧಿಕಾರಿಯ ಮಾತೇ ಕಾನೂನು.

ಆಗಷ್ಟೇ ನಮ್ಮ ಠಾಕುರ್ಲಿಯ ಚೋಳೆ ಪವರ್ ಹೌಸಿನ ವಿದ್ಯುತ್ತು ಜಿ.ಐ.ಪಿ. ರೈಲುಗಳಿಗೆ ಹರಿಯತೊಡಗಿತ್ತು. ಪುಣೆಯವರೆಗೆ ವಿದ್ಯುತ್ ಎಂಜಿನ್, ಅಲ್ಲಿಂದ ಮುಂದೆ ಉಗಿಬಂಡಿ. ಆ ಮೇ ತಿಂಗಳಲ್ಲಿ ಇಲ್ಲಿಂದ ಸೊಲ್ಲಾಪುರಕ್ಕೆ ಹೊರಡುವವನ ತಯಾರಿ ಹೇಗಿರಬೇಕಿತ್ತು? ಟಿಕೇಟು ಸಿಗುವುದು ದೊಡ್ಡ ಮಾತಾಗಿರಲಿಲ್ಲ. ಮೊದಲು ಗಾಂಧಿ ಟೋಪಿ ತೆಗೆದಿಡಬೇಕಿತ್ತು. ಅದನ್ನು ಹಾಕಿಕೊಂಡು ಬೀದಿಗೆ ಬಂದವರನ್ನು ಸೈನಿಕರು ತಡೆದು ಟೋಪಿ ತೆಗೆಸುತ್ತಿದ್ದರು. ಗಂಟಿನಲ್ಲಿ ಚರಕದ ಧ್ವಜ ಇರುವಂತಿರಲಿಲ್ಲ. ಅದನ್ನು ಹಿಡಿದು ತೋರಿಸುವುದೇ ಅಪರಾಧ. ಪುರಸಭೆಯ ಮೇಲಿನ ಧ್ವಜದ ವಿಷಯದಲ್ಲಿ ಅದರ ಅಧ್ಯಕ್ಷ ಮಾಣಿಕಚಂದ್ ಶಹಾ ಅವರಿಗೇ ಶಿಕ್ಷೆಯಾಯಿತೆಂದ ಮೇಲೆ ಬೀದಿಯವನ ಗತಿ ಹೇಳಬೇಕೆ?

ಇಲ್ಲೊಂದು ಮಾತು ಗಮನಿಸಿ. ಈ ಟೋಪಿ ಮೇ 11ರವರೆಗೆ ಬರೀ ಟೋಪಿ. ಮರುದಿನದಿಂದ ಅದು ತಲೆಗೆ ಬಂದ ಆಪತ್ತು. ಟೋಪಿ ಬದಲಾಗಲಿಲ್ಲ, ಹಾಕಿಕೊಂಡವನೂ ಬದಲಾಗಲಿಲ್ಲ. ಲಷ್ಕರಿ ಕಾನೂನು ಎಂದರೆ ಇದೇ. ನಿನ್ನೆಯ ಸಾಮಾನ್ಯ ವಸ್ತು ಇಂದು ಅಪರಾಧ, ಅದನ್ನು ನಿಮಗೆ ಮುಂಚಿತವಾಗಿ ಹೇಳುವವರೂ ಇರುವುದಿಲ್ಲ.

ನ್ಯಾಯ ಬರುತ್ತದೆ, ಆದರೆ ತಡವಾಗಿ

ಸೊಲ್ಲಾಪುರದ ಈ ಶಿಕ್ಷೆಗಳ ಪ್ರಶ್ನೆ ಮುಂಬಯಿ ಹೈಕೋರ್ಟಿನವರೆಗೂ ಬಂತು. ಕಾನೂನು ಪುಸ್ತಕಗಳಲ್ಲಿ ಆ ಮೊಕದ್ದಮೆ ಇಂದಿಗೂ ಇರುವುದು ಚನ್ನಪ್ಪ ಶಾಂತಿರಪ್ಪ ಎಂಬ ನಮ್ಮ ಕಡೆಯ ಹೆಸರಿನಲ್ಲಿ. ಮುಖ್ಯ ನ್ಯಾಯಮೂರ್ತಿ ಬೋಮಾಂಟ್ ಅವರ ಪೀಠದ ಮುಂದೆ ನಡೆದ ಆ ವಿಚಾರಣೆಯ ತಿರುಳು ಸರಳವಾದದ್ದು. ಲಷ್ಕರಿ ಕಾನೂನಿಗೆ ಇರುವ ಆಧಾರ ಅನಿವಾರ್ಯತೆ ಒಂದೇ. ಅಂಥ ಅನಿವಾರ್ಯತೆ ನಿಜಕ್ಕೂ ಇತ್ತೇ ಎಂದು ತೀರ್ಮಾನಿಸುವುದು ಸೇನಾಧಿಕಾರಿಯ ಕೆಲಸವಲ್ಲ, ನ್ಯಾಯಾಲಯದ್ದು.

ಮಾತು ದೊಡ್ಡದು. ಆದರೆ ನ್ಯಾಯಾಲಯ ಅದನ್ನು ಹೇಳುವ ಹೊತ್ತಿಗೆ ಬೀದಿಯಲ್ಲಿ ನಡೆಯಬೇಕಾದದ್ದು ನಡೆದುಹೋಗಿರುತ್ತದೆ. ಪೊಲೀಸರ ಕೊಲೆಯ ಆರೋಪದ ಮೇಲೆ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್ ಮತ್ತು ಜಗನ್ನಾಥ ಶಿಂದೆ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಸೊಲ್ಲಾಪುರದಲ್ಲಿ ಸಿದ್ಧರಾಮರ ಸಂಕ್ರಾಂತಿ ಜಾತ್ರೆಗೆ ಸಿದ್ಧತೆ ನಡೆಯುವ ದಿನಗಳು ಅವು.

92 ವರ್ಷಗಳ ನಂತರ

ಈಗ ದೂರದ ದೇಶಕ್ಕೆ ಬರೋಣ. 2022ರ ಫೆಬ್ರವರಿ 24ರಂದು ರಷ್ಯಾ ದಾಳಿ ಆರಂಭಿಸಿದ ದಿನವೇ ಉಕ್ರೇನ್ ತನ್ನ ದೇಶದ ಉದ್ದಗಲಕ್ಕೂ ಲಷ್ಕರಿ ಕಾನೂನು ಘೋಷಿಸಿತು. ಆಕಾಶಮಾರ್ಗ ಮುಚ್ಚಿತು. 18ರಿಂದ 60 ವರ್ಷದ ಉಕ್ರೇನಿನ ಗಂಡಸರು ದೇಶ ಬಿಡುವಂತಿಲ್ಲ ಎಂದಾಯಿತು. ನಗರಗಳಲ್ಲಿ ಕರ್ಫ್ಯೂ ಬಿತ್ತು. ವೈದ್ಯಕೀಯ ಓದಲು ಹೋಗಿದ್ದ ನಮ್ಮ ಸಾವಿರಾರು ಮಕ್ಕಳು ನೆಲಮಾಳಿಗೆಗಳಲ್ಲಿ, ಮೆಟ್ರೋ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ಕರ್ನಾಟಕದವರೂ ನೂರಾರು.

ಇದಕ್ಕೆ ಮುನ್ಸೂಚನೆ ಇರಲಿಲ್ಲವೇ? ಇತ್ತು. ಇರಲೇಬೇಕಾದ ಅಗತ್ಯವಿಲ್ಲದವರು, ಮುಖ್ಯವಾಗಿ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ದೇಶ ಬಿಡುವುದನ್ನು ಯೋಚಿಸಿ ಎಂದು ಕೀವ್‌ನಲ್ಲಿದ್ದ ನಮ್ಮ ರಾಯಭಾರ ಕಚೇರಿ ಫೆಬ್ರವರಿ 15ರಂದೇ ಹೇಳಿತ್ತು. 22ರಂದು, ಆನ್‌ಲೈನ್ ತರಗತಿಯ ಉತ್ತರಕ್ಕೆ ಕಾಯಬೇಡಿ, ಹೊರಡಿ ಎಂದಿತು. ಆದರೆ ಹಾಜರಿಯ ಚಿಂತೆ, ಟಿಕೇಟಿನ ದರ, ‘ಏನೂ ಆಗಲಿಕ್ಕಿಲ್ಲ’ ಎಂಬ ನಂಬಿಕೆ ಅನೇಕರನ್ನು ಅಲ್ಲೇ ಉಳಿಸಿದವು. ಮಕ್ಕಳನ್ನು ತಪ್ಪು ಎನ್ನುವಂತಿಲ್ಲ. ಲಕ್ಷಗಟ್ಟಲೆ ಸಾಲ ಮಾಡಿ ಕಳಿಸಿದ ತಂದೆತಾಯಿಯ ಮುಖ ಅವರ ಕಣ್ಣ ಮುಂದಿತ್ತು.

ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ವಿದ್ಯಾರ್ಥಿಯೊಬ್ಬ ತಿನ್ನುವ ಸಾಮಾನು ತರಲು ಹೊರಗೆ ಹೋಗಿದ್ದಾಗ ದಾಳಿಗೆ ಸಿಕ್ಕಿ ತೀರಿಕೊಂಡ. ಮೂರು ವಾರಗಳ ನಂತರ ಅವನ ದೇಹ ಬೆಂಗಳೂರಿಗೆ ಬಂತು. ಒಂದು ಹೊತ್ತಿನ ಊಟದ ಸಾಮಾನು, ಅದಕ್ಕೆ ಅಷ್ಟು ಬೆಲೆ.

ಹೊರಟವರಿಗೆ ರಾಯಭಾರ ಕಚೇರಿ ಏನು ಹೇಳಿತು ನೋಡಿ. ಪಾಸ್‌ಪೋರ್ಟ್ ಜೊತೆಗಿರಲಿ, ನಗದು ಹಣ ಸಾಧ್ಯವಾದರೆ ಡಾಲರಿನಲ್ಲಿರಲಿ, ಲಸಿಕೆಯ ಪ್ರಮಾಣಪತ್ರ ಇರಲಿ, ಭಾರತದ ಧ್ವಜವನ್ನು ಅಚ್ಚುಹಾಕಿ ವಾಹನಕ್ಕೆ ಎದ್ದುಕಾಣುವಂತೆ ಅಂಟಿಸಿ. ಮಕ್ಕಳು ಹಾಗೆಯೇ ಮಾಡಿದರು. ಕೆಲವರು ಪರದೆಯ ಬಟ್ಟೆಗೆ ಬಣ್ಣ ಹಚ್ಚಿ ಧ್ವಜ ಮಾಡಿಕೊಂಡರು. ಆ ಬಸ್ಸುಗಳು ಗಡಿಯವರೆಗಿನ ತನಿಖಾ ಠಾಣೆಗಳನ್ನು ದಾಟಿ ಬಂದವು. ಆಪರೇಷನ್ ಗಂಗಾದ ಮೊದಲ ವಿಮಾನ ಬುಖಾರೆಸ್ಟಿನಿಂದ 219 ಮಂದಿಯನ್ನು ಹೊತ್ತು ಫೆಬ್ರವರಿ 26ರ ಸಂಜೆ ಇಳಿದದ್ದು ನಮ್ಮ ಮುಂಬಯಿಯಲ್ಲೇ.

ಸೊಲ್ಲಾಪುರದಲ್ಲಿ ಧ್ವಜ ಹಿಡಿದವನಿಗೆ ಜೈಲು, ಉಕ್ರೇನಿನಲ್ಲಿ ಧ್ವಜ ಅಂಟಿಸಿದ ಬಸ್ಸಿಗೆ ದಾರಿ. ನಮ್ಮ ಹಿರಿಯರು ಪಾಸ್‌ಪೋರ್ಟಿಗೆ ರಹದಾರಿ ಎನ್ನುತ್ತಿದ್ದರು. ಪರದೇಶದಲ್ಲಿ ಕಷ್ಟ ಬಂದಾಗ ಒಂದು ಸ್ವತಂತ್ರ ದೇಶ ಬೆನ್ನ ಹಿಂದೆ ಇರುವುದೇ ನಿಜವಾದ ರಹದಾರಿ. 1930ರಲ್ಲಿ ಸೊಲ್ಲಾಪುರದವರಿಗೆ ಅದು ಇರಲಿಲ್ಲ. ಅದಕ್ಕಾಗಿಯೇ ಅವರು ಬೀದಿಗೆ ಬಂದಿದ್ದರು.

ನೀವು ಹೊರಡುವುದಾದರೆ

ಹೋಗದೆ ಇರಬಹುದಾದರೆ ಹೋಗಬೇಡಿ. ಇದು ಮೊದಲ ಸಲಹೆ. ಹೋಗಲೇಬೇಕಾದರೆ ಇಷ್ಟು ನೋಡಿಕೊಳ್ಳಿ.

ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳಾದರೂ ಬಾಕಿ ಇರಲಿ. ಅದರ ಪ್ರತಿ ಮತ್ತು ವೀಸಾದ ಪ್ರತಿ ಒಂದು ಮನೆಯಲ್ಲಿ, ಒಂದು ಚೀಲದಲ್ಲಿ. ವೀಸಾ ಯಾವ ಕೆಲಸಕ್ಕೆ ಎಂದು ಓದಿ ನೋಡಿ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂದು ನಂಬಿಸಿ ನಮ್ಮ ತರುಣರನ್ನು ಸೇನಾ ಆಡಳಿತದ ಮ್ಯಾನ್ಮಾರಿಗೆ ಸಾಗಿಸುತ್ತಿದ್ದಾರೆ ಎಂದು 2022ರ ಸೆಪ್ಟೆಂಬರಿನಲ್ಲಿ ವಿದೇಶಾಂಗ ಸಚಿವಾಲಯವೇ ಎಚ್ಚರಿಸಿತ್ತು. ಪ್ರವಾಸಿ ವೀಸಾದ ಮೇಲೆ ಕೆಲಸಕ್ಕೆ ಕರೆಯುವ ಏಜೆಂಟನನ್ನು ಬಾಗಿಲಲ್ಲೇ ಬೀಳ್ಕೊಡಿ.

ತಲುಪಿದ ದಿನವೇ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಎಷ್ಟು ಜನರಿದ್ದಾರೆ, ಎಲ್ಲಿದ್ದಾರೆ ಎಂದು ಗೊತ್ತಿದ್ದರೆ ತಾನೇ ಕರೆತರುವುದು? ಮುಖ್ಯ ಫೋನ್ ನಂಬರುಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮೊಬೈಲ್ ಬ್ಯಾಟರಿ ಮುಗಿದಾಗ ಅಮ್ಮನ ನಂಬರೂ ನೆನಪಾಗುವುದಿಲ್ಲ. ಕೈಯಲ್ಲಿ ನಗದು, ನಾಲ್ಕು ದಿನಕ್ಕಾಗುವಷ್ಟು ನೀರು, ಒಣ ತಿಂಡಿ, ದಿನದ ಔಷಧಿ ಸದಾ ಇರಲಿ. ಕರ್ಫ್ಯೂ ಗಂಟೆಗಳನ್ನು ದಿನವೂ ವಿಚಾರಿಸಿ, ಏಕೆಂದರೆ ನಿನ್ನೆಯ ಗಂಟೆ ಇಂದಿಗೆ ಅನ್ವಯಿಸದೇ ಇರಬಹುದು. ಸೈನಿಕರ, ಸೇತುವೆಯ, ರೈಲು ನಿಲ್ದಾಣದ ಫೋಟೋ ತೆಗೆಯಬೇಡಿ. ಪ್ರವಾಸ ವಿಮೆ ಮಾಡಿಸಿದ್ದರೆ ಸಣ್ಣ ಅಕ್ಷರಗಳನ್ನು ಓದಿ. ಯುದ್ಧ, ದಂಗೆಗಳಿಂದಾದ ನಷ್ಟವನ್ನು ಬಹಳಷ್ಟು ವಿಮೆಗಳು ಕೊಡುವುದಿಲ್ಲ.

ಕೊನೆಯದು, ಎಲ್ಲಕ್ಕಿಂತ ದೊಡ್ಡದು. ‘ಹೊರಡಿ’ ಎಂಬ ಮೊದಲ ಸೂಚನೆ ಬಂದಾಗಲೇ ಹೊರಡಿ. ಎರಡನೆಯದಕ್ಕೆ ಕಾಯಬೇಡಿ. ಮನೆಯವರೂ ಅಷ್ಟೇ, ‘ಪರೀಕ್ಷೆ ಮುಗಿಸಿಕೊಂಡೇ ಬಾ’ ಎನ್ನಬೇಡಿ. ಪರೀಕ್ಷೆ ಮತ್ತೆ ಬರುತ್ತದೆ.

ಮುಂದಿನ ಸಲ ಊರಿಗೆ ಹೋಗುವಾಗ ಸೊಲ್ಲಾಪುರದಲ್ಲಿ ಒಂದು ಗಂಟೆ ಬಿಡುವಿದ್ದರೆ ಆ ನಾಲ್ವರು ಹುತಾತ್ಮರ ಪುತ್ಥಳಿಗಳಿರುವ ಚೌಕಕ್ಕೆ ಹೋಗಿ ಬನ್ನಿ. ತಲೆಯ ಮೇಲೆ ಯಾವ ಟೋಪಿ ಬೇಕಾದರೂ ಇರಲಿ. ಯಾರೂ ತಡೆಯುವುದಿಲ್ಲ.