ಇಂಗ್ಲಿಷ್ ಕಳೆದುಕೊಂಡ ಸೋದರಮಾವ

ಉಜ್ಬೇಕ್ ಭಾಷೆಯಲ್ಲಿ ‘ಅಮ್ಮ’ ಅಂದ್ರೆ ತಾಯಿ ಅಲ್ಲ, ಸೋದರತ್ತೆ. ‘ಅಕಾ’ ಅಂದ್ರೆ ಅಕ್ಕ ಅಲ್ಲ, ಅಣ್ಣ! ಮೊದಲ ಸಲ ಓದಿದಾಗ ನಕ್ಕುಬಿಟ್ಟೆ. ಆಮೇಲೆ ಇಂತಹ ಮನೆಮಾತುಗಳ ಪಟ್ಟಿ ಮಾಡಿ, ಪಕ್ಕದಲ್ಲಿ ಇಂಗ್ಲಿಷ್ ಪದ ಬರೆಯೋಕೆ ಹೋದೆ. ಇಂಗ್ಲಿಷ್ ಕಾಲಂ ತುಂಬಲೇ ಇಲ್ಲ.

ನೋಡಿ, ಅಪ್ಪನ ಸೋದರ ‘ಅಮಾಕಿ’, ತಾಯಿಯ ಸೋದರ ‘ತೊಘಾ’. ಅಪ್ಪನ ಸೋದರಿ ‘ಅಮ್ಮ’, ತಾಯಿಯ ಸೋದರಿ ‘ಖೋಲಾ’. ಇಂಗ್ಲಿಷಲ್ಲಿ ನಾಲ್ವರಿಗೂ ಸೇರಿ ಎರಡೇ ಪದ, ಅಂಕಲ್ ಮತ್ತು ಆಂಟ್. ತಾಷ್ಕೆಂಟಿನ ಬಜಾರಿನಲ್ಲಿ ಗುರುತಿಲ್ಲದ ಹಣ್ಣಿನ ವ್ಯಾಪಾರಿಯನ್ನೂ ‘ಅಕಾ’ ಅಂತಾರೆ, ನಾವು ‘ಅಣ್ಣಾ, ಕೆಜಿ ಎಷ್ಟು?’ ಅನ್ನೋ ಹಾಗೆ.

ಆದರೆ ಇಂಗ್ಲಿಷೂ ಮೊದಲಿಂದ ಬಡವಾಗಿರಲಿಲ್ಲ. ಸಾವಿರ ವರ್ಷದ ಹಿಂದೆ ಅಲ್ಲಿ ಚಿಕ್ಕಪ್ಪ ‘ಫ್ಯಾದೆರಾ’, ಸೋದರಮಾವ ‘ಏಆಮ್’. ಅತ್ತೆಗೊಂದು, ಚಿಕ್ಕಮ್ಮನಿಗೊಂದು ಪದವೂ ಇತ್ತು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡ್ ಗೆದ್ದ. ಫ್ರೆಂಚ್ ಅರಮನೆಯ ಭಾಷೆ ಆಯ್ತು. ಮುಂದಿನ ಶತಮಾನಗಳಲ್ಲಿ ಫ್ರೆಂಚಿನ ಅಂಕಲ್, ಆಂಟ್ ಅಡುಗೆಮನೆವರೆಗೂ ಬಂದವು, ಹಳೆಯವು ಒಂದೊಂದಾಗಿ ಮರೆಯಾದವು.

ಆಳುವವರ ಪದ ಬಂದ್ರೆ ಮನೆಯ ಸಂಬಂಧ ಮಸುಕಾಗುತ್ತೆ ಅಂತ ಷರಾ ಬರೆಯೋನಿದ್ದೆ. ಉಜ್ಬೇಕ್ ಲೆಕ್ಕ ತಾಳೆಯಾಗಲಿಲ್ಲ. 712ರಲ್ಲಿ ಅರಬ್ ಸೇನೆ ಸಮರ್‌ಖಂಡ್ ಹಿಡಿಯಿತು. ಕಾಲಕ್ರಮೇಣ ಧರ್ಮದ ಜೊತೆ, ಪರ್ಷಿಯನ್ನಿನ ಮೂಲಕ, ಅರಬ್ಬಿ ಪದಗಳು ಅಲ್ಲಿನ ತುರ್ಕಿ ಮನೆಗಳಿಗೂ ಬಂದವು. ಅಮಾಕಿ, ಅಮ್ಮ, ಖೋಲಾ ಮೂರರ ಮೂಲವೂ ಅರಬ್ಬಿ. ತೊಘಾ ಒಂದೇ ಹಳೆಯದು. ಅರಬ್ಬಿಯೂ ಅಪ್ಪನ ಕಡೆ, ತಾಯಿ ಕಡೆ ಅಂತ ಬಿಡಿಸಿ ಹೇಳುವ ಭಾಷೆ. ಹಾಗಾಗಿ ಹೆಸರು ಸಾಲ ತಂದರೂ ಖಾತೆಗಳು ಒಂದಾಗಲಿಲ್ಲ.

1865ರಲ್ಲಿ ರಷ್ಯನ್ ಸೇನೆ ತಾಷ್ಕೆಂಟ್ ಹಿಡಿಯಿತು. ಸ್ವಾತಂತ್ರ್ಯ ಸಿಕ್ಕಿದ್ದು 1991ರಲ್ಲಿ. ರಷ್ಯನ್ನಿನ ‘ದ್ಯಾದ್ಯಾ’ ಅಂಕಲ್ ಥರಾನೇ, ಎರಡೂ ಕಡೆಗೆ ಒಂದು. ಕಾರಿಗೆ ‘ಮಷೀನಾ’, ಟೀವಿಗೆ ‘ತೆಲೆವಿಜೋರ್’ ಅಂತ ರಷ್ಯನ್ ಪದಗಳು ಬಂದು ಉಳಿದವು. ತೊಘಾ ಮಾತ್ರ ಜಾಗ ಬಿಟ್ಟುಕೊಡಲಿಲ್ಲ.

ನನಗೆ ಇದು ಬರೀ ಪಟ್ಟಿಯಾಗಿ ಉಳಿಯಲಿಲ್ಲ. ನನ್ನಕ್ಕನ ಮಗಳು ಬೆಂಗಳೂರಲ್ಲಿ ಯುಕೆಜಿ ಓದ್ತಿದ್ದಾಳೆ. ಲಿಫ್ಟಲ್ಲಿ ಸಿಗೋರೂ ಅಂಕಲ್, ನಾನೂ ಅಂಕಲ್. ಮೊನ್ನೆ, ‘ನನ್ನನ್ನ ಮಾವ ಅನ್ನು ಪುಟ್ಟಿ’ ಅಂದೆ.

‘ಹಾಗಂದ್ರೆ?’

‘ನಿಮ್ಮಮ್ಮನ ತಮ್ಮ.’

ಸ್ವಲ್ಪ ಯೋಚನೆ ಮಾಡಿ, ‘ಸರಿ, ಮಾವ ಅಂಕಲ್’ ಅಂದಳು.